ಸವಾಲಿಗಿಂತ ಮೊದಲೇ ಬಂದ ಜವಾಬು

ನಮ್ಮ ಊರಿನಲ್ಲಿ ಎರಡು ಕನ್ನಡ ಪಾಕ್ಷಿಕಗಳಿದ್ದವು. ಎರಡರ ಹೆಸರಿನ ಕೆಳಗೂ ‘ಏಕೈಕ ಕನ್ನಡ ಪತ್ರಿಕೆ’ ಎಂದು ಅಚ್ಚಾಗಿರುತ್ತಿತ್ತು. ಊರು ಎಂದೆ. ನಾಚಾರಂ ದಾಟಿದ ಮೇಲೆ ಸಿಗುತ್ತಿದ್ದ ಆ ಕಾಲನಿ ಹೈದರಾಬಾದಿಗೆ ಸೇರಿದ್ದೋ ಅಲ್ಲವೋ ಎಂಬುದನ್ನು ಆಗೆಲ್ಲ ಬಸ್ ಕಂಡಕ್ಟರು ತೀರ್ಮಾನಿಸುತ್ತಿದ್ದರು. ನಗರ ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿ. ನಾವು ರಾಜಧಾನಿಯ ಹಿತ್ತಲು.

ಒಂದು ಪತ್ರಿಕೆಯ ಸಂಪಾದಕರು ನಮ್ಮ ಪಕ್ಕದ ಮನೆಯವರು. ರಾಯಚೂರು ಕಡೆಯ ಮನೆತನ, ಕಂದಾಯ ಇಲಾಖೆಯಲ್ಲಿ ನೌಕರಿ. ನಮಗೆಲ್ಲ ಅವರು ಕಾಕಾ. ಇನ್ನೊಂದು ಪತ್ರಿಕೆಯವರು ಮೈಸೂರು ಸೀಮೆಯಿಂದ ಸರ್ಕಾರಿ ಕಾರ್ಖಾನೆಗೆ ನಕ್ಷೆ ಬರೆಯಲು ಬಂದವರು. ಊರೆಲ್ಲ ಅವರನ್ನು ಫ್ಯಾಕ್ಟರಿ ಸಾರ್ ಎನ್ನುತ್ತಿತ್ತು. ಇಬ್ಬರೂ ದಿನಾ ಬೆಳಿಗ್ಗೆ ಬಸ್‌ಸ್ಟಾಪಿನ ತನಕ ಜೊತೆಗೇ ನಡೆದು, ಇರಾನಿ ಹೋಟೆಲಿನಲ್ಲಿ ಒಂದು ಚಹಾವನ್ನು ಎರಡು ಮಾಡಿಸಿ ಕುಡಿಯುತ್ತಿದ್ದರು. ಒಂದೇ ಪತ್ರಿಕೆ ಯಾಕೆ ಮಾಡಲಿಲ್ಲ ಎಂದರೆ, ಒಂದು ಪತ್ರಿಕೆಗೆ ಒಬ್ಬನೇ ಸಂಪಾದಕ ಇರಲು ಸಾಧ್ಯ.

ಸುದ್ದಿ ಎಂದರೆ ಯಾರಿಗೆ ವರ್ಗವಾಯಿತು, ಯಾರ ಮೊಮ್ಮಗನಿಗೆ ಜವಳ ತೆಗೆಸಿದರು, ನಳಕ್ಕೆ ನೀರು ಯಾವತ್ತು ಬಂತು. ಬಾರದೇ ಇದ್ದದ್ದು ಸುದ್ದಿಯಲ್ಲ, ಅದು ರೂಢಿ. ಇವೆಲ್ಲ ಪತ್ರಿಕೆಗಿಂತ ಮುಂಚೆ ಊರಿಗೇ ಗೊತ್ತಿರುತ್ತಿದ್ದವು. ಓದಿಸಿಕೊಳ್ಳುತ್ತಿದ್ದದ್ದು ಓದುಗರ ಪತ್ರಗಳು ಮಾತ್ರ. ಅವನ್ನು ಓದುಗರು ಬರೆಯುತ್ತಿರಲಿಲ್ಲ. ನಾನು ಬರೆಯುತ್ತಿದ್ದೆ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ನನ್ನನ್ನು ಬಿಟ್ಟು ಉಳಿದೆಲ್ಲವನ್ನೂ ಅನುಮಾನಿಸುವಷ್ಟು ವಿದ್ಯೆ ಬಂದಿತ್ತು. ಮೊದಲು ಕಾಕಾ ಕರೆದರು. “ತಮ್ಮಾ, ಎರಡು ಖಾರದ ಪತ್ರ ಬರದುಕೊಡು. ಯಾರ ಮುಂದೂ ಹೇಳಬ್ಯಾಡ.” ಅದೇ ವಾರ ಫ್ಯಾಕ್ಟರಿ ಸಾರ್: “ಸ್ವಲ್ಪ ಚುರುಕಾಗಿರಲಿ ಕಣಪ್ಪಾ. ನಮ್ಮಲ್ಲೇ ಇರಲಿ ವಿಷಯ.” ಸಾರ್ ಪತ್ರಿಕೆಯಲ್ಲಿ ನಾನು ‘ಹಿತೈಷಿ’. ಕಾಕಾ ಪತ್ರಿಕೆಯಲ್ಲಿ ‘ನೊಂದವನು’. ಹಿತೈಷಿ ಚುಚ್ಚುವುದು, ಮುಂದಿನ ಭಾನುವಾರ ನೊಂದವನು ತಿರುಗಿ ಚುಚ್ಚುವುದು. ಊರು ಚಪ್ಪರಿಸಿತು. ಸಂಪಾದಕರಿಬ್ಬರೂ ಚಹಾದ ಮೇಜಿನಲ್ಲಿ ‘ನಿಮ್ಮ ಆ ಮನುಷ್ಯ ಯಾರ್ರೀ?’ ಎಂದು ಪರಸ್ಪರ ಕೇಳಿ, ಇಬ್ಬರೂ ಹೇಳದೆ ನಗುತ್ತಿದ್ದರು. ಹಾಗೆಂದು ನನ್ನ ನೆನಪು. ನಾನು ಆ ಮೇಜಿನಲ್ಲಿ ಇರಲಿಲ್ಲವಾದ್ದರಿಂದ ಇದು ನೆನಪು ಹೇಗಾದೀತು ಎಂಬುದು ಬೇರೆ ಪ್ರಶ್ನೆ.

ಎರಡೂ ಪತ್ರಿಕೆ ಅಚ್ಚಾಗುತ್ತಿದ್ದದ್ದು ಒಂದೇ ತೆಲುಗು ಪ್ರೆಸ್ಸಿನಲ್ಲಿ. ಕನ್ನಡದ ಅಚ್ಚುಮೊಳೆಗಳಿದ್ದದ್ದು ಅಲ್ಲೇ, ಅದೂ ನಾಲ್ಕು ಪುಟಕ್ಕಾಗುವಷ್ಟು. ಅವನ್ನು ಜೋಡಿಸಲು ಬರುತ್ತಿದ್ದದ್ದು ಒಬ್ಬ ಕಂಪಾಜಿಟರಿಗೆ. ಒಂದು ಪತ್ರಿಕೆ ಅಚ್ಚಾಗಿ, ಮೊಳೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದ ಮೇಲೆಯೇ ಇನ್ನೊಂದರ ಸರದಿ.

ಆ ವರ್ಷ ಕನ್ನಡ ಸಂಘದ ಊಟದಲ್ಲಿ ಜೋಳದ ಖಡಕ್ ರೊಟ್ಟಿಯೋ ಬಿಸಿಬೇಳೆಬಾತೋ ಎಂಬ ಮಹಾಚರ್ಚೆ ಎದ್ದಿತ್ತು. ನನಗೆ ಪರೀಕ್ಷೆ ಹತ್ತಿರವಿತ್ತು. ಹಿತೈಷಿಯ ಪತ್ರವನ್ನೂ ಅದಕ್ಕೆ ನೊಂದವನ ಉತ್ತರವನ್ನೂ ಒಂದೇ ಪಟ್ಟಿಗೆ ಕೂತು ಬರೆದು, ಎರಡನ್ನೂ ಒಂದೇ ದಿನ ಪ್ರೆಸ್ಸಿಗೆ ಕೊಟ್ಟುಬಂದೆ. ರೊಟ್ಟಿ ಬಡಿಸುವ ಮುನ್ನ ಸಂಘ ಸದಸ್ಯರ ಹಲ್ಲಿನ ಯೋಗಕ್ಷೇಮ ವಿಚಾರಿಸಲಿ ಎಂದು ಹಿತೈಷಿ ಬರೆದಿದ್ದ. ನೊಂದವನ ಉತ್ತರ ಹೀಗಿತ್ತು: ‘ಹಲ್ಲಿಲ್ಲದವರು ರೊಟ್ಟಿಯನ್ನು ಬೈದರೆ ಕ್ಷಮಿಸಬಹುದು. ಹಲ್ಲಿದ್ದೂ ಬೈಯುವ ಹಿತೈಷಿಗಳು ಮೆತ್ತಗಿನ ಅನ್ನ ತಿಂದು ತಿಂದು ತಮಗೆ ಹಲ್ಲಿರುವುದನ್ನೇ ಮರೆತಿದ್ದಾರೆ.’ ನಾನು ಬರೆದ ವಾಕ್ಯಗಳಲ್ಲಿ ಅಷ್ಟು ಒಳ್ಳೆಯದು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಮುಹೂರ್ತದ ದಿನಗಳು ಬಂದವು. ಲಗ್ನಪತ್ರಿಕೆಗಳ ನಡುವೆ ಸಾರ್ ಅವರ ಸಂಚಿಕೆ ಹತ್ತು ದಿನ ಹಿಂದೆ ಬಿತ್ತು. ಕಾಕಾ ಸಂಚಿಕೆ ಹೇಳಿದ ದಿನವೇ ಹೊರಬಂತು. ಹೀಗೆ ನಮ್ಮ ಊರಿನ ಜನ ಇನ್ನೂ ಪ್ರಕಟವಾಗದ ಪತ್ರಕ್ಕೆ ಉತ್ತರವನ್ನು ಓದಿದರು.

ಎರಡನ್ನೂ ಒಬ್ಬನೇ ಬರೆದಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಸಾರ್ ತಮ್ಮದೇ ತೀರ್ಮಾನಕ್ಕೆ ಬಂದರು: ಕಾಕಾ ಪ್ರೆಸ್ಸಿಗೆ ಹೋಗಿ ತಮ್ಮ ಪ್ರೂಫ್ ಕದ್ದು ನೋಡಿದ್ದಾರೆ. ಬಸ್‌ಸ್ಟಾಪಿನಲ್ಲಿ ಎಲ್ಲರೆದುರು ಕೇಳಿಯೇಬಿಟ್ಟರು. “ಕದ್ದು ನೋಡೋ ಬುದ್ಧಿ ಯಾವಾಗಿಂದ ಬಂತು ನಿಮಗೆ?” ಕಾಕಾ, “ನಿಮ್ಮ ಪೇಪರ್ ಬಿಟ್ಟಿ ಕೊಟ್ಟರೂ ಓದೂದಿಲ್ರಿ, ಕದ್ದು ಯಾಕ ಓದಲಿ?” ಎಂದರು. ಚಹಾ ನಿಂತಿತು. ಸಂಘ ಎರಡಾಯಿತು. ವರ್ಷದೊಳಗೆ ಎರಡೂ ಏಕೈಕ ಪತ್ರಿಕೆಗಳು ಮುಚ್ಚಿದವು. ಬಾಯಿ ಬಿಟ್ಟಿದ್ದರೆ ನಾನು ಒಂದು ವಾಕ್ಯದಲ್ಲಿ ಎಲ್ಲ ಸರಿಮಾಡಬಹುದಿತ್ತು. ಬಿಡಲಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂತು.

ಎಷ್ಟೋ ವರ್ಷಗಳ ಮೇಲೆ ಸಂಘಗಳು ಮತ್ತೆ ಒಂದಾಗಿ, ಸ್ಮರಣ ಸಂಚಿಕೆಗೆ ಪತ್ರಿಕೆಗಳ ಇತಿಹಾಸ ಬರೆಯಿರೆಂದು ನನಗೇ ಹೇಳಿದವು. ಸಂಪಾದಕರಿಬ್ಬರೂ ಬದುಕಿದ್ದರು, ಇನ್ನೂ ಮಾತು ಬಿಟ್ಟಿದ್ದರು. ಈ ಸಲವಾದರೂ ನಿಜ ಹೇಳಿ ಅವರನ್ನು ಕೂಡಿಸಬೇಕೆಂದು ಕೂಕಟ್‌ಪಲ್ಲಿಯ ಫ್ಲಾಟಿಗೆ ಕಾಕಾ ಅವರನ್ನು ನೋಡಲು ಹೋದೆ. ಮನೆ ತುಂಬ ಮೊಮ್ಮಕ್ಕಳು, ತೆಲುಗು ಟೀವಿ.

“ಕಾಕಾ, ಆ ಹಲ್ಲಿನ ಜವಾಬು ಬರದಾಂವ ನಾನು. ಆ ಕಡಿ ಹಿತೈಷಿದೂ ನಂದ.”

ಕಾಕಾ ಟೀವಿ ಆರಿಸಿದರು. “ಏನಂದಿ?”

ಮತ್ತೆ ಹೇಳಿದೆ.

“ಹುಚ್ಚಪ್ಪಾ, ನೀ ಬರದದ್ದು ಓಣಿ ಗಟಾರ ತುಂಬೇತಿ ಅನ್ನೂ ಪತ್ರ. ಹಲ್ಲಿಂದು ನಂದು.” ಕಪಾಟಿನಿಂದ ಹಳದಿಗಟ್ಟಿದ ಪತ್ರಿಕೆಯ ತುಣುಕೊಂದನ್ನು ತೆಗೆದರು. ಪ್ಲಾಸ್ಟಿಕ್ಕಿನಲ್ಲಿ ಇಟ್ಟಿದ್ದರು. “ಈ ಮೊಮ್ಮಕ್ಕಳಿಗೆ ಕನ್ನಡ ಓದಾಕ ಬರೂದಿಲ್ಲ, ಆದ್ರ ಇದು ಬಾಯಿಪಾಠ ಐತಿ. ಏ, ಹೇಳಲೇ.” ಒಂದು ಮಗು ನನ್ನ ವಾಕ್ಯವನ್ನು ತೆಲುಗಿನ ರಾಗದಲ್ಲಿ ಒಪ್ಪಿಸಿತು.

“ಹಂಗಾದ್ರ ಅವರ ಪತ್ರ ಬರೂಕಿಂತ ಮೊದಲ ಹೆಂಗ ಬರದ್ರಿ?”

ಕಾಕಾ ತುಣುಕನ್ನು ಕಪಾಟಿಗೆ ವಾಪಸಿಟ್ಟರು. “ಪ್ರೂಫ್ ಕದ್ದು ನೋಡಿದ್ದೆ. ಹೌದಪ್ಪಾ, ನೋಡಿದ್ದೆ. ನೋಡದ ಹೆಂಗ ಬರೀತಿದ್ದೆ? ಬರಿ ಅದನ್ನ. ಆ ಮನಶಾಗೂ ಗೊತ್ತಾಗಲಿ. ಆದ್ರ ಜವಾಬು ನಂದು ಅಂತನೂ ಬರಿ.”

ಮಾಡದ ಕಳ್ಳತನವನ್ನು ಅವರು ಒಂದು ವಾಕ್ಯಕ್ಕಾಗಿ ಒಪ್ಪಿಕೊಳ್ಳುತ್ತಿದ್ದರೋ, ನಿಜವಾಗಿ ನೋಡಿದ್ದರೋ? ನನ್ನ ಹಸ್ತಪ್ರತಿ ಉಳಿದಿರಲಿಲ್ಲ. ಕಂಪಾಜಿಟರ್ ತೀರಿಹೋಗಿದ್ದರು. ಬಸ್ಸಿನಲ್ಲಿ ಬರುವಾಗ ಆ ವಾಕ್ಯ ಬರೆದ ಗಳಿಗೆಯನ್ನು ನೆನಪಿಸಿಕೊಳ್ಳಲು ನೋಡಿದೆ. ಪರೀಕ್ಷೆಯ ಟಿಪ್ಪಣಿಗಳು ಕಂಡವು, ಲೇಖನಿ ಕಾಣಲಿಲ್ಲ. ಆದರೂ ಅದು ನನ್ನದೇ. ಬಹುಶಃ.

ಕಾಕಾ ಹೇಳಿದಂತೆಯೇ ಬರೆದೆ. ಔದಾರ್ಯವೆಂದು ತಿಳಿಯಬೇಡಿ, ನಿಜ ಬರೆದಿದ್ದರೆ ಊರು ಒಡೆದವನೆಂದು ನನ್ನ ಹೆಸರೇ ಸಂಚಿಕೆಯಲ್ಲಿ ಉಳಿಯುತ್ತಿತ್ತು.

ಸಂಚಿಕೆ ಬಂದ ವಾರ ಶಂಶಾಬಾದಿನಿಂದ ಫ್ಯಾಕ್ಟರಿ ಸಾರ್ ಫೋನ್ ಮಾಡಿದರು.

“ಒಪ್ಕೊಂಡ್ರಲ್ಲಾ, ನನಗೆ ಅಷ್ಟು ಸಾಕು. ನಾಳೆ ಕೂಕಟ್‌ಪಲ್ಲಿಗೆ ಹೋಗ್ತಿದೀನಿ. ಒಂದು ಚಹಾ ತರಿಸಿ ಎರಡು ಮಾಡಿಸ್ತೀವಿ.”

“ಸಂತೋಷ ಸಾರ್,” ಎಂದೆ.

“ಕಳ್ಳತನ ಏನೇ ಇರಲಿ, ಆ ಹಲ್ಲಿನ ಮಾತು ಮಾತ್ರ ಅದ್ಭುತ ಕಣಪ್ಪಾ. ನೀನೂ ಎರಡು ಪುಟ ಬರ್ದಿದೀಯ, ಓದ್ದೆ. ಅಂಥದ್ದು ಒಂದು ಸಾಲಾದ್ರೂ ಇದೆಯಾ ಅದರಲ್ಲಿ?”