ಬೆಂಕಿ ಕೊಡದ ಸಂಜೆ

ಡಿಸೆಂಬರ್ ಇಪ್ಪತ್ನಾಲ್ಕು, ಸಂಜೆ ಏಳು ಗಂಟೆ. ಶ್ರೀರಂಗಪಟ್ಟಣದ ನಮ್ಮ ಹಳೇ ಚರ್ಚಿನ ಮೊದಲ ಬೆಂಚಿನಲ್ಲಿ ನಡುದಾರಿಯ ತುದಿಗೆ ತಂಗಿ ಸಿಸಿಲಿ, ಪಕ್ಕದಲ್ಲಿ ನಾನು, ಗೋಡೆ ಬದಿಗೆ ಹಾಡಿನ ಮೇಷ್ಟ್ರ ಹೆಂಡತಿ ಫಿಲೋಮಿನಮ್ಮ. ಅಮ್ಮ ಹಿಂದಿನ ಬೆಂಚಿನಲ್ಲಿ. ನನಗಾಗ ಹತ್ತು ವರ್ಷ, ಸಿಸಿಲಿಗೆ ಏಳು.

ಆಗೆಲ್ಲ ಕ್ರಿಸ್ಮಸ್ಸಿನ ಕ್ಯಾರಲ್ ಹಾಡುವ ಸಂಜೆ ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಿದ್ದರು. ದಪ್ಪ ಗೋಡೆ, ಸಣ್ಣ ಕಿಟಕಿ. ಪಕ್ಕದವರ ಮುಖವೂ ಕಾಣದು. ತೆಂಗಿನೆಣ್ಣೆ ಹಚ್ಚಿದ ತಲೆಗಳ ವಾಸನೆ, ಸಾಂಬ್ರಾಣಿ, ಆಲೆಮನೆ ಕಡೆಯಿಂದ ಬೆಲ್ಲದ ಘಮ. ಫಾದರ್ ಪೀಠದ ದೀಪದಿಂದ ಒಂದು ಮೇಣದಬತ್ತಿ ಹಚ್ಚಿ ಬೆಂಚಿನ ತುದಿಯವರಿಗೆ ಬೆಂಕಿ ಕೊಡುವರು. ಅಲ್ಲಿಂದ ಕೈಯಿಂದ ಕೈಗೆ. ಬೆಂಕಿಪೊಟ್ಟಣ ತರುವಂತಿರಲಿಲ್ಲ; ಪಕ್ಕದವರು ಕೊಟ್ಟರಷ್ಟೇ ಬೆಳಕು. ಮೊದಲ ಬೆಂಚು ಬೆಳಗಿದ ಮೇಲೆ ಒಬ್ಬರೇ ಮೊದಲ ಪದ್ಯ ಹಾಡಬೇಕು. ಅದು ಮುಗಿಯುವವರೆಗೆ ಹಿಂದಿನವರೆಲ್ಲ ಕತ್ತಲಲ್ಲೇ.

ಆ ವರ್ಷ ಪದ್ಯ ಸಿಸಿಲಿಯದು. ಮಾತಾಡುವಾಗ ತೊದಲುತ್ತಿದ್ದಳು, ಹಾಡುವಾಗ ಇಲ್ಲ. ಅಡುಗೆಮನೆಯಲ್ಲಿ ಹಬ್ಬದ ಸಿಹಿತಿಂಡಿ ಕಲ್ಕಲ್ ಹೊಸೆಯುತ್ತ ಅದನ್ನೇ ಹಾಡಿ ಹಾಡಿ ನಮಗೂ ಬಾಯಿಪಾಠವಾಗಿತ್ತು. ಚರ್ಚಿನ ಬಾಗಿಲಲ್ಲಿ ಫಿಲೋಮಿನಮ್ಮ ಎಲ್ಲರೆದುರಿಗೇ ಅಮ್ಮನಿಗೆ ಹೇಳಿದರು: "ತೊದಲೋ ಮಗೀನ ನಿಲ್ಸಿ ನಗೆಪಾಟ್ಲು ಮಾಡ್ಬುಡ್ಬೇಡ ಕಣಮ್ಮಿ. ನಾನೇ ಹಾಡ್ತೀನಿ."

ಅಮ್ಮ ತಲೆ ತಗ್ಗಿಸಿ ಒಳಗೆ ನಡೆದಳು. ಸಿಸಿಲಿ ಅಳಲೂ ಇಲ್ಲ, ನನ್ನ ಲಂಗ ಹಿಡಿದುಕೊಂಡಳು.

ಬೆಂಕಿ ಸಿಸಿಲಿಗೆ ಬಂತು, ನನಗೆ ಬಂತು. ಫಿಲೋಮಿನಮ್ಮ ತಮ್ಮ ಬತ್ತಿ ಚಾಚಿದರು. ನಾನು ನನ್ನದಕ್ಕೆ ಅಂಗೈ ಮರೆ ಮಾಡಿ ಈಚೆ ಎಳೆದುಕೊಂಡೆ.

"ಕೊಡೇ ಲೇ," ಎಂದು ಪಿಸುಗುಟ್ಟಿದರು.

"ನಮ್ ಸಿಸಿಲಿ ಪದ್ಯ ಬುಟ್ಬುಡಿ, ಕೊಡ್ತೀನಿ."

ಮೇಷ್ಟ್ರ ಹಾರ್ಮೋನಿಯಂ ಮೊದಲ ಸಾಲನ್ನೇ ಸುತ್ತತೊಡಗಿತು. ಪುಸ್ತಕ ನೋಡದೆ ಫಿಲೋಮಿನಮ್ಮನಿಗೆ ಒಂದು ಸಾಲೂ ಬಾರದು, ಬತ್ತಿ ಹೊತ್ತದೆ ಪುಸ್ತಕ ಕಾಣದು. ಇಡೀ ಚರ್ಚು ಕಾಯುತ್ತಿತ್ತು. ನಾನೂ ಕಾದೆ, ಅಷ್ಟು ಹಿತವಾಗಿ ಮತ್ತೆಂದೂ ಕಾದಿಲ್ಲ.

ಕೊನೆಗೆ ಅವರು ಹಲ್ಲು ಕಚ್ಚಿ, ಹಾಡಿಕೊಂಡು ಹಾಳಾಗಲಿ ಎಂದರು. ಸಿಸಿಲಿ ಹಾಡಿದಳು, ಒಂದಕ್ಷರ ತೊದಲದೆ. ಹಾಡು ಮುಗಿದ ಮೇಲೂ ನಾನು ಬೆಂಕಿ ಕೊಡಲಿಲ್ಲ. ಹಿಂದಿನ ಬೆಂಚುಗಳಲ್ಲೂ ಬತ್ತಿ ಹೊತ್ತಿದವು, ಆದರೆ ಅವರನ್ನು ಕೇಳಲು ಫಿಲೋಮಿನಮ್ಮನಿಗೆ ಬಿಗುಮಾನ.

ಹೊರಗೆ ಅಮ್ಮ ಎಲ್ಲರಿಗೂ ಕೇಳುವಂತೆ ನನ್ನನ್ನು ಬೈದಳು. ಆಮೇಲೆ ಮಡಿಲಿನಿಂದ ಕಲ್ಕಲ್ ತೆಗೆದು ಇಬ್ಬರಿಗೂ ಹಂಚಿದಳು, ನನಗೆ ಒಂದು ಹಿಡಿ ಹೆಚ್ಚು.

ಈಗ ಅಲ್ಲಿ ಎಲ್ಲರ ಕೈಯಲ್ಲೂ ಗುಂಡಿ ಒತ್ತಿದರೆ ಹೊತ್ತುವ ಬ್ಯಾಟರಿ ಬತ್ತಿ. ಯಾರ ಬೆಂಕಿಗೂ ಯಾರೂ ಕಾಯುವುದಿಲ್ಲ. ಕೊಡುವ ಸುಖ ಹೋಯಿತೆಂದು ನನ್ನ ವಯಸ್ಸಿನವರು ಮರುಗುತ್ತಾರೆ. ಕೊಡದೆ ಇರುವ ಸುಖವೂ ಹೋಯಿತು. ಅದನ್ನು ಯಾರೂ ಹೇಳುವುದಿಲ್ಲ.

ಆ ಸಂಜೆ ಜನ ಚದುರಿದ ಮೇಲೆ ಚರ್ಚಿನ ನೆಲಕ್ಕೆ ಬಿದ್ದ ಮೇಣ ಹೆರೆಯುವುದು ಮಕ್ಕಳಾದ ನಮ್ಮ ಪಾಲಿನ ಕೆಲಸ. ಕರಟದ ಚೂರಿನಿಂದ ಹೆರೆಯುತ್ತ ಗೋಡೆ ಬದಿಗೆ ಬಂದೆ. ಫಿಲೋಮಿನಮ್ಮ ನಿಂತಿದ್ದ ಕಲ್ಲಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು, ಕೈ ತೊಳೆದುಕೊಂಡೆ.