ಇತರೆ ಗುಂಪಿನ ಅಧ್ಯಕ್ಷೆ

ಅಪ್ಪನದು ಒಂದು ಜನಾಂಗ, ಅಮ್ಮನದು ಇನ್ನೊಂದು. ಹುಡುಗಿಯ ಮೂಗು ತಮ್ಮ ಕಡೆಯದೆಂದು ಅಮ್ಮನ ತಾಯಿ, ಮೊಂಡುತನ ತಮ್ಮ ಕಡೆಯದೆಂದು ಸೋದರತ್ತೆ ಹದಿನಾಲ್ಕು ವರ್ಷ ಹಗ್ಗಜಗ್ಗಾಟ ನಡೆಸಿದ್ದರು. ಶಾಲೆಗೆ ಅಷ್ಟು ಪುರಸೊತ್ತೆಲ್ಲಿ? ಮಕ್ಕಳನ್ನು ಆರು ಜನಾಂಗವಾಗಿ ಹಂಚಿ ಮುಗಿಸಿದ ಗುಮಾಸ್ತೆ, ಯಾವುದಕ್ಕೂ ಹೊಂದದ ಇವಳನ್ನು ಕಂಪ್ಯೂಟರಿನ ಏಳನೆಯ ಸಾಲಿಗೆ, 'ಇತರೆ'ಗೆ ತಳ್ಳಿದ್ದಳು. ಎಂಟನೆಯ ತರಗತಿ ಮುಟ್ಟುವಷ್ಟರಲ್ಲಿ ಎಲ್ಲರ ಬಾಯಲ್ಲೂ ಅವಳು ಇತರೆಯೇ ಆಗಿಬಿಟ್ಟಿದ್ದಳು. ಊಟದ ಹೊತ್ತಿಗೆ ಡಬ್ಬಿ ಹಿಡಿದು ಆರೂ ಗುಂಪಿನ ಮೇಜು ಸುತ್ತಿ, ಕೊನೆಗೆ ನಲ್ಲಿಯ ಪಕ್ಕ ನಿಂತು ತಿನ್ನುತ್ತಿದ್ದಳು. ಹೋಗು ಅನ್ನುವವರೂ ಇರಲಿಲ್ಲ, ಸರಿದು ಜಾಗ ಕೊಡುವವರೂ ಇರಲಿಲ್ಲ. ಒಂದಾದರೂ ಮೇಜು ತನ್ನದಾಗಲಿ ಎಂದು ಅವಳಿಗೆ ಬಹಳ ಆಸೆಯಿತ್ತು.

ಆ ವರ್ಷ ಮುಖ್ಯೋಪಾಧ್ಯಾಯರಿಗೆ ಇದ್ದಕ್ಕಿದ್ದಂತೆ ಹುಮ್ಮಸ್ಸು ಬಂತು. ಪ್ರತಿ ಗುಂಪೂ ಅಧ್ಯಕ್ಷರನ್ನು ಆರಿಸಿ, ವೇದಿಕೆಯ ಮೇಲೆ ಐದು ನಿಮಿಷ ತನ್ನ ಭಾಷೆ, ಕುಣಿತದಲ್ಲಿ ತನ್ನತನ ತೋರಿಸಬೇಕಂತೆ. ಪಟ್ಟಿಯಲ್ಲಿ ಏಳು ಸಾಲಿದ್ದುದರಿಂದ ಊಟದ ಕೋಣೆಗೂ ಏಳು ಮೇಜು ಬಂದವು.

"ಸರ್, ಇತರೆಯಲ್ಲಿ ಇರೋದು ನಾನೊಬ್ಳೇ."

"ಸಂಖ್ಯೆ ಮುಖ್ಯ ಅಲ್ಲಮ್ಮ. ಚುನಾವಣೆ ನ್ಯಾಯವಾಗಿ ನಡೀಬೇಕು, ಅಷ್ಟೆ."

ನ್ಯಾಯವಾಗಿಯೇ ನಡೆಯಿತು. ಅವಳೇ ನಿಂತಳು, ಅವಳೇ ಕೈ ಎತ್ತಿದಳು, ಅವಳೇ ಗೆದ್ದಳು. ನಡಾವಳಿಯಲ್ಲಿ 'ಸರ್ವಾನುಮತ' ಎಂದು ದುಂಡಗೆ ಬರೆದಿಟ್ಟಳು.

ಮರುದಿನ ಉದ್ದಕಾಲಿನ ಹುಡುಗನೊಬ್ಬ ಬಂದ. "ನಮ್ಮ ಗುಂಪಿನ ಕುಣಿತ ನನಗೆ ಏನು ಮಾಡಿದ್ರೂ ಹತ್ತಲ್ಲ. ನಿನ್ನ ಗುಂಪಿಗೆ ಸೇರಿಸ್ಕೊ." ಸೇರಿಸಿಕೊಂಡಳು. ಅವನ ಹಿಂದೆ ತನ್ನ ಅಜ್ಜಿಯ ಭಾಷೆ ಬಾರದ ಹುಡುಗಿಯೊಬ್ಬಳು ಬಂದಳು, ತಮ್ಮ ಅಧ್ಯಕ್ಷನ ಜೊತೆ ಜಗಳವಾಡಿಕೊಂಡ ಅಣ್ಣತಂಗಿ ಬಂದರು. ವಾರದೊಳಗೆ ಇತರೆಗೆ ನಲವತ್ತೊಂದು ಜನ. ಮೇಜಿನ ಸುತ್ತ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಅಷ್ಟು ಖುಷಿಯಲ್ಲಿ ಅವಳು ಶಾಲೆಯಲ್ಲಿ ಎಂದೂ ಉಂಡಿರಲಿಲ್ಲ.

ಜನ ಸೇರಿದ ಮೇಲೆ ನಿಯಮ ಬರದೆ ಇರುತ್ತದೆಯೇ? ಉದ್ದಕಾಲಿನವನು ಕಾರ್ಯದರ್ಶಿಯಾದ. ಅಪ್ಪಟ ಇತರೆ ಯಾರು, ಬೆರಕೆ ಯಾರು ಎಂದು ನೋಡಲು ಒಂದು ಸಮಿತಿಯನ್ನೂ ಮಾಡಿದ. ಸಮಿತಿ ಊಟದ ಮೇಜಿನಲ್ಲೇ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿತು. ಅಧ್ಯಕ್ಷೆಯ ಸರದಿಯೂ ಬಂತು.

"ನಾವು ನಮಗಿದ್ದ ಒಂದು ಜನಾಂಗಾನೂ ಬಿಟ್ಟು ಬಂದೋರು," ಅಂದ ಕಾರ್ಯದರ್ಶಿ, ಪಾಪ, ಮೆತ್ತಗೇ. "ನಿಂಗೆ ನೋಡಿದ್ರೆ ಎರಡೆರಡು ಇದೆ. ತಪ್ಪು ತಿಳ್ಕೋಬೇಡ, ನೀನು ಇತರೆ ಅಲ್ಲ."

ಅವನ ಮಾತಿಗೆ ಒಪ್ಪಿ ನಲವತ್ತು ಕೈ ಮೇಲೆದ್ದವು. ಅವಳು ಡಬ್ಬಿ ಮುಚ್ಚಿಕೊಂಡು ಎದ್ದಳು. ಎದ್ದ ಜಾಗಕ್ಕೆ ಪಕ್ಕದವಳು ಆಗಲೇ ಸರಿದಿದ್ದಳು.

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ನೆಟ್ಟಗೆ ಕಚೇರಿಗೆ ಹೋಗಿ, 'ಇತರೆ' ಸಾಲಿನಿಂದ ನನ್ನನ್ನು ತೆಗೆಯಿರಿ ಎಂದಳು.

"ಖಾಲಿ ಬಿಟ್ರೆ ಕಂಪ್ಯೂಟರ್ ಒಪ್ಪಲ್ಲ ಕಣೇ," ಅಂದಳು ಗುಮಾಸ್ತೆ. "ಎಲ್ಲಿಗೆ ಹಾಕ್ಲಿ?"

"ಅಪ್ಪಂದೂ ಹಾಕಿ, ಅಮ್ಮಂದೂ ಹಾಕಿ."

"ಎರಡು ಕಡೆ ಹಾಕಿದ್ರೆ ಅದು ನಿನ್ನನ್ನ ಇಬ್ಬರು ಅಂತ ಎಣಿಸುತ್ತೆ."

"ಎಣಿಸ್ಲಿ ಬಿಡಿ."

ಮರುದಿನ ಬೆಳಿಗ್ಗೆ ಹಾಜರಿಯಲ್ಲಿ ಅವಳ ಹೆಸರು ಎರಡು ಸಲ ಬಂತು. ಮೇಷ್ಟ್ರು ತಲೆ ಎತ್ತದೆ ಎರಡನ್ನೂ ಕೂಗಿದರು. ತರಗತಿ ಗೊಳ್ಳೆಂದು ನಕ್ಕಿತು. ಅವಳು ಎರಡು ಸಲವೂ ಎದ್ದು ನಿಂತು, ಬಂದಿದ್ದೇನೆ ಎಂದಳು. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಹೇಳಿದಳು.