ಅಣ್ಣನ ದೋಣಿ ಎಂಜಿನ್ನು

ದೋಣಿ ಇಲ್ಲ, ಹೊಳೆಯೂ ಇಲ್ಲ. ಹೊನ್ನವಳ್ಳಿಯ ತೆಂಗಿನ ತೋಟದಲ್ಲಿ ನೀರು ತುಂಬಿದ ಡ್ರಮ್ಮಿಗೆ ದೋಣಿ ಎಂಜಿನ್ ಇಳಿಬಿಟ್ಟು, ಇಬ್ಬರು ಗಂಡಸರು ಅದರ ಹಗ್ಗ ಎಳೆಯುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? “ಕೆರೆ ಆ ಕಡೆ ಐತೆ ಕಣ್ರಪ್ಪ” ಎಂದು ಒಬ್ಬರು ಕೈ ತೋರಿಸಿಯೇ ಹೋದರು.

ಕಳೆದ ಭಾನುವಾರದ ಮಾತು. ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬ ಕಿಬ್ಬನಹಳ್ಳಿಯಲ್ಲಿ ಮೊಪೆಡ್ ರಿಪೇರಿ ಮಾಡುವ ಜಯಣ್ಣ, ನನ್ನ ಜೊತೆ ಓದಿದವನು. ಎಂಜಿನ್ ನನ್ನ ಅಣ್ಣನದು. ಅಣ್ಣ ಈ ಸಲದ ಮಳೆಗಾಲಕ್ಕೆ ಮುಂಚೆ ತೀರಿಕೊಂಡ. (ಆಗ ಕೆಲವು ವಾರ ಈ ಅಂಕಣ ಬರಲಿಲ್ಲ. ಕಾರಣ ಕೇಳಿದವರಿಗೆ ಇದೇ ಉತ್ತರ.)

ಅಣ್ಣ ಒಂದು ಜಲಾಶಯದಲ್ಲಿ ಪ್ರವಾಸಿಗರ ದೋಣಿ ನಡೆಸುತ್ತಿದ್ದ. ಅಲ್ಲಿಗೆ ಹೊಸ ಎಂಜಿನ್ ಬಂದಾಗ ಹಳೆಯದನ್ನು ಕೇಳಿ ಪಡೆದು, ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ತಂದ. ಅಲ್ಲಿ ಓಡುತ್ತಿದ್ದದ್ದು ಇಲ್ಲಿ ಮೊದಲ ವರ್ಷದ ಆಯುಧಪೂಜೆಗೆ ಹೀಗೇ ಡ್ರಮ್ಮಿನಲ್ಲಿ ಓಡಿತು, ಮುಂದಿನ ವರ್ಷದಿಂದ ಇಲ್ಲ. ಪ್ಲಗ್ ಬದಲಾಯಿಸಿದ. ಕಾಯಿಲ್ ಬದಲಾಯಿಸಿದ. ಊಹೂಂ. ಕೊನೆಗೆ ಎಂಜಿನ್ ಅಟ್ಟದಲ್ಲೇ ಉಳಿಯಿತು, ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿಗಳ ಪಕ್ಕ. ಆಯುಧಪೂಜೆಗೆ ಮಾತ್ರ ಕೆಳಗಿಳಿಯುತ್ತಿತ್ತು.

ಈಗ ಅಟ್ಟಕ್ಕೆ ಹೊಸ ಕಾಯಿ ತುಂಬಬೇಕು. ಬುಧವಾರ ಗುಜರಿಯವನು ಬರುತ್ತಾನೆ, ಎಂಜಿನ್ ಕೊಟ್ಟುಬಿಡುತ್ತೇನೆ ಎಂದರು ಅತ್ತಿಗೆ. “ಕಾಯಿ ನೋಡೋಕೆ ಹತ್ತಿದಾಗೆಲ್ಲ ಎದುರ್ಗೇ ಕುಂತಿರ್ತದೆ ಕಣಪ್ಪ. ಎಷ್ಟ್ ದಿನ ಅಂತ ನೋಡ್ಲಿ?”

ಒಂದು ಸಲ ಪ್ರಯತ್ನ ಮಾಡುತ್ತೇನೆ ಎಂದೆ. ಓಡಿದರೆ ಇರಲಿ, ಓಡದಿದ್ದರೆ ಹೋಗಲಿ ಎಂದು ಒಪ್ಪಿದರು. ನನಗೆ ಅದನ್ನು ಉಳಿಸಿಕೊಳ್ಳಬೇಕಿತ್ತು. ಅಣ್ಣನ ಅಂಗಿಗಳೆಲ್ಲ ಆಗಲೇ ಯಾರು ಯಾರಿಗೋ ಹೋಗಿದ್ದವು.

ಜಯಣ್ಣ ದೋಣಿ ಎಂಜಿನ್ ಮುಟ್ಟಿದವನೇ ಅಲ್ಲ. ಮೊಪೆಡ್ಡಿನ ಹಾಗೆ ಇದೂ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥದ್ದು, ಅಷ್ಟು ಸಾಕು ಎಂದ. ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲನ್ನು ಕಳಚಿದ. ಒಳಗೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಬೆರಳಿಗೆ ತಗುಲಿಸಿಕೊಂಡು ಮೂಸಿದ. ನನ್ನ ಮೂಗಿಗೂ ಹಿಡಿದ.

“ಇದು ಕಾರ್ಬ್ಯುರೇಟರ್ ಅಲ್ಲ ಕಣ್ಲಾ, ಎಣ್ಣೆ ಕುಡಿಕೆ.”

ಕೊಬ್ಬರಿ ಎಣ್ಣೆ! ಯಾರು ಹಾಕಿದ್ದು? ಕಾಫಿ ತಂದ ಅತ್ತಿಗೆ ಹೇಳಿದರು. ಪ್ರತಿ ಆಯುಧಪೂಜೆಗೆ ಒರೆಸಿ, ಕುಂಕುಮ ಇಟ್ಟು, ಹಗ್ಗ ಎಳೆದು ನೋಡಿ, ಅಟ್ಟಕ್ಕೆ ಹತ್ತಿಸುವ ಮುಂಚೆ ಅಣ್ಣ ಪೆಟ್ರೋಲ್ ಪೈಪಿನ ಬಾಯಿಗೆ ಒಂದು ಚಮಚ ಎಣ್ಣೆ ಬಿಡುತ್ತಿದ್ದನಂತೆ. ಒಳಗೆ ತುಕ್ಕು ಹಿಡಿಯದಿರಲಿ ಎಂದು.

ನಮ್ಮ ಕಡೆಯವರು ಬೇರೇನು ಮಾಡಿಯಾರು? ತಲೆಗೆ, ಮಂಡಿಗೆ, ಬೀಗಕ್ಕೆ, ಬಾಗಿಲ ಕೀಲಿಗೆ, ಕೂಸಿನ ಹೊಕ್ಕುಳಿಗೆ ಎಲ್ಲಕ್ಕೂ ಅದೇ ಎಣ್ಣೆ. ಚಳಿಗಾಲದಲ್ಲಿ ಅದು ಗಟ್ಟಿಯಾಗುವುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಬಚ್ಚಲಲ್ಲಿ ಗೊತ್ತಿರುವುದು ಎಂಜಿನ್ ಮುಂದೆ ನೆನಪಾಗಬೇಕಲ್ಲ?

ಬಿಸಿನೀರಿನಲ್ಲಿ ಅದ್ದಿ, ಪೆಟ್ರೋಲಿನಲ್ಲಿ ತೊಳೆದೆವು. ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಸೂಜಿಗಿಂತ ಸಣ್ಣದು. ತಂತಿ ಹಾಕಿದರೆ ಅಗಲವಾಗುತ್ತದೆ ಎಂದು ತೆಂಗಿನ ನಾರಿನ ಒಂದೆಳೆ ತೂರಿಸಿ ಬಿಡಿಸಿದೆವು. ಮತ್ತೆ ಜೋಡಿಸಿ, ತಣ್ಣಗಿರಲೆಂದು ಎಂಜಿನ್ನಿನ ಬುಡವನ್ನು ಡ್ರಮ್ಮಿನ ನೀರಿಗೆ ಇಳಿಸಿ ಹಗ್ಗ ಎಳೆದೆವು. ಕೆಮ್ಮಿತು, ನಿಂತಿತು. ಮತ್ತೆ ಎಳೆದೆವು. ಹಿಡಿದುಕೊಂಡಿತು!

ಹತ್ತಿದ್ದೇನೋ ಸರಿ, ಒಂದೇ ಸಮ ಓಡಬೇಕಲ್ಲ. ಗಾಳಿಯ ಸ್ಕ್ರೂ ಒಳಕ್ಕೆ ತಿರುಗಿಸಿದರೆ ಹೊಗೆ, ಹೊರಕ್ಕೆ ತಿರುಗಿಸಿದರೆ ಸೀನು. ಅತ್ತಿಗೆ ಸ್ವಲ್ಪ ಹೊತ್ತು ಕತ್ತು ಓರೆ ಮಾಡಿ ಕೇಳಿದರು. ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಎಂದು ಕೇಳುವಾಗಲೂ ಅವರು ನಿಲ್ಲುವುದು ಹಾಗೆಯೇ. “ಅಲ್ಲೇ ಬುಡು” ಎಂದರು. ಜಯಣ್ಣ ಕೈ ತೆಗೆದ. ಡ್ರಮ್ಮಿನ ನೀರು ಸುತ್ತತೊಡಗಿತು. ಹೊಗೆಯಲ್ಲಿ ಎಣ್ಣೆ ಸುಟ್ಟ ವಾಸನೆಯಿತ್ತು.

ನಿಲ್ಲಿಸಿದ ಮೇಲೆ ಅತ್ತಿಗೆ, “ಇಷ್ಟೇನಾ? ಒಂದ್ಸಲ ಬಿಸ್ನೀರಲ್ ತೊಳ್ದಿದ್ರೆ ಆಗೋಗ್ತಿತ್ತಾ?” ಎಂದರು. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಬುಧವಾರ ಗುಜರಿಯವನು ಬಂದ. ಅಣ್ಣ ಬದಲಾಯಿಸಿ ಇಟ್ಟಿದ್ದ ಹಳೆಯ ಪ್ಲಗ್ಗು, ಕಾಯಿಲುಗಳನ್ನಷ್ಟೇ ಅತ್ತಿಗೆ ಅವನ ಚೀಲಕ್ಕೆ ಹಾಕಿದರು.

ಎಂಜಿನ್ ಉಳಿಯಿತು. ಅದು ಯಾಕೆ ಓಡುತ್ತಿರಲಿಲ್ಲ ಎಂಬುದನ್ನು ಈಗ ಯಾರಿಗೆ ಹೇಳುವುದು?